ಮೆಣಸು ಹುರಿದ ಭಾನುವಾರ

ಆ ಮಂಗಳವಾರದವರೆಗೆ ಮಾಧವರ ಹೋಟೆಲಿನಲ್ಲಿ ಕೆಮ್ಮು ಎಂದರೆ ಬರೀ ಕೆಮ್ಮು. ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ.

ಹೋಟೆಲು ಇದ್ದದ್ದು ಸೂರತ್ತಿನ ಪಾಂಡೇಸರಾದಲ್ಲಿ, ಸೀರೆಗೆ ಬಣ್ಣ ಹಾಕುವ ಮಿಲ್ಲುಗಳ ಎದುರು. ಆರು ಮೇಜು, ಒಂದು ದೋಸೆ ಕಾವಲಿ, ಹಿಂದುಗಡೆ ಎರಡು ಕೋಣೆಯ ಮನೆ. ಮಾಧವ ಮತ್ತು ಹೆಂಡತಿ ಕಮಲಾ ಕುಂದಾಪುರದ ಕಡೆಯಿಂದ ಬಂದು ಇಪ್ಪತ್ತೆರಡು ವರ್ಷ ಆಗಿತ್ತು. ಮಗ ಚಂದ್ರಶೇಖರ, ಸೊಸೆ ಸುಮತಿ, ಮೊಮ್ಮಗಳು ತಾರಾ. ತಾರಾ ಹುಟ್ಟಿದ್ದು ಇಲ್ಲೇ. ಹದಿನೈದು ವರ್ಷ. ಗುಜರಾತಿ ನೀರು ಕುಡಿದ ಹಾಗೆ ಮಾತಾಡುತ್ತಿದ್ದಳು, ಕನ್ನಡ ಕುಂಟುತ್ತಿತ್ತು. ದಿನಾ ಬೆಳಗ್ಗೆ ಅಜ್ಜನಿಗೆ ಗುಜರಾತಿ ಪೇಪರು ಓದಿ, ಅದನ್ನು ಕನ್ನಡದಲ್ಲಿ ಹೇಳುವುದು ಅವಳ ಕೆಲಸ. ಅವಳು ತಪ್ಪು ಹೇಳಿದಷ್ಟೂ ಅಜ್ಜನಿಗೆ ಖುಷಿ. ಪೊಲೀಸರು ಕಳ್ಳನನ್ನು ಹಿಡಿದರು ಎನ್ನುವ ಬದಲು ಪಕಡಿಸಿದರು ಎಂದು ಅವಳು ಹೇಳಿದರೆ, ಅಜ್ಜ ಸಂಜೆಯವರೆಗೆ ಬಂದವರಿಗೆಲ್ಲ ಅದನ್ನೇ ಹೇಳಿ ನಗುವುದು.

ಸೆಪ್ಟೆಂಬರ್ ತಿಂಗಳು, ತೊಂಬತ್ತನಾಲ್ಕನೇ ಇಸವಿ. ಸುಮತಿಗೆ ಗರ್ಭಕೋಶದ ಆಪರೇಷನ್ ಆಗಬೇಕಿತ್ತು. ತವರಿನ ಹತ್ತಿರವೇ ಮಾಡಿಸುವುದೆಂದು ಚಂದ್ರಶೇಖರ ಅವಳನ್ನು ಊರಿಗೆ ಕರೆದುಕೊಂಡು ಹೋಗಿದ್ದ. ಹೋಟೆಲಿನಲ್ಲಿ ಉಳಿದವರು ಅಜ್ಜ, ಅಜ್ಜಿ, ತಾರಾ, ಮತ್ತೆ ದೋಸೆ ಹುಯ್ಯುವ ಲಿಂಗರಾಜ. ಅವನು ಕಲಬುರ್ಗಿ ಕಡೆಯವನು, ನಾಲ್ಕು ವರ್ಷದಿಂದ ಇದ್ದ.

ಮಂಗಳವಾರ ಸಾಂಬಾರು ಪುಡಿಯ ದಿನ. ಆ ಕೆಲಸವನ್ನು ಅಜ್ಜ ಯಾರಿಗೂ ಬಿಡುತ್ತಿರಲಿಲ್ಲ. ಬಣ್ಣಕ್ಕೆ ಊರಿಂದ ತರಿಸಿದ ಬ್ಯಾಡಗಿ ಮೆಣಸು, ಖಾರಕ್ಕೆ ಇಲ್ಲಿನ ಮೆಣಸು. ಹಿಂದಿನ ಅಂಗಳದಲ್ಲಿ ಒಲೆ ಹಾಕಿ ದೊಡ್ಡ ಬಾಣಲೆಯಲ್ಲಿ ಹುರಿಯಲು ಕೂತರೆ, ಘಾಟು ರಸ್ತೆಗೆ ಮುಟ್ಟುತ್ತಿತ್ತು. ಚಾ ಕುಡಿಯುವವರು ಕೆಮ್ಮುತ್ತಿದ್ದರು. ಸೈಕಲಿನಲ್ಲಿ ಹೋಗುವವರು ಕೆಮ್ಮುತ್ತಿದ್ದರು. ಮಿಲ್ಲಿನ ಹುಡುಗರು, ಬೆರಳೆಲ್ಲ ನೀಲಿ ಬಣ್ಣದವರು, ಇವತ್ತು ಈ ಮುದುಕ ಪಾಂಡೇಸರಾ ಖಾಲಿ ಮಾಡಿಸುತ್ತಾನೆ ಎಂದು ಹಿಂದಿಯಲ್ಲಿ ಬೈಯುತ್ತಾ ಇನ್ನೊಂದು ಪ್ಲೇಟು ಇಡ್ಲಿ ಕೇಳುತ್ತಿದ್ದರು. ಅಜ್ಜನೂ ಕೆಮ್ಮುತ್ತಿದ್ದರು. ಒಂದು ತಿಂಗಳಿಂದ ಬೇರೆ ದಿನವೂ ಕೆಮ್ಮುತ್ತಿದ್ದರು. ಮಲಗಿದರೆ ಹೆಚ್ಚಾಗುತ್ತದೆಂದು ಅಕ್ಕಿ ಮೂಟೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ತಾರಾ ಅದಕ್ಕೆ ನಕ್ಕಿದ್ದಳು. ಗೋದಾಮು ಕಾಯುವ ಸೇಠ್ ಎಂದು ಹೆಸರಿಟ್ಟಿದ್ದಳು. ಅಜ್ಜ ಕೂಡ ನಕ್ಕು, ಸೇಠ್‌ಗೆ ಒಂದು ಲೋಟ ಬಿಸಿನೀರು ತಾ ಎಂದಿದ್ದರು. ಹೋಟೆಲಿನವರಿಗೆ ಮೆಣಸಿನ ಕೆಮ್ಮು ಇದ್ದದ್ದೇ ಎಂದು ಎಲ್ಲರೂ ಸುಮ್ಮನಿದ್ದರು.

ಆ ಮಂಗಳವಾರವೂ ಹಾಗೇ ಕಳೆಯಿತು. ಪುಡಿ ಡಬ್ಬಿ ತುಂಬಿತು.

ಗುರುವಾರ ತಾರಾ ಪೇಪರು ಓದಿದಳು. ಓದಿ ಕನ್ನಡದಲ್ಲಿ ಹೇಳಲಿಲ್ಲ. ಅಜ್ಜ ಎರಡು ಸಲ ಕೇಳಿದರು. ಆಮೇಲೆ ಅವಳು, ಸೂರತ್ತಿನಲ್ಲಿ ಪ್ಲೇಗ್ ಬಂದಿದೆಯಂತೆ, ಜನ ಸತ್ತಿದ್ದಾರಂತೆ ಎಂದಳು. ಜ್ವರ, ಕೆಮ್ಮು, ಎರಡು ದಿನ, ಅಷ್ಟೇ ಅಂತೆ. ಒಬ್ಬರು ಕೆಮ್ಮಿದರೆ ಹತ್ತಿರ ಇದ್ದವರಿಗೆ ಬರುತ್ತದಂತೆ. ಇದನ್ನು ಹೇಳುವಾಗ ಅವಳ ಕನ್ನಡ ಒಂದು ಕಡೆಯೂ ತಪ್ಪಲಿಲ್ಲ. ಅಜ್ಜ ನಗಲಿಲ್ಲ.

ಅಜ್ಜಿಗೆ ಆ ಹೆಸರು ಗೊತ್ತಿತ್ತು. ಅವಳ ಅತ್ತೆ ಹೇಳುತ್ತಿದ್ದರು, ಹಿಂದೆ ಪ್ಲೇಗ್ ಬಂದಾಗ ಜನ ಮನೆ ಬಿಟ್ಟು ಗದ್ದೆಯಲ್ಲಿ ಗುಡಿಸಲು ಹಾಕಿಕೊಂಡರು, ಹೆಣವನ್ನು ಹಗ್ಗ ಹಾಕಿ ಎಳೆದರು ಎಂದು. ಅಜ್ಜಿ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಬಾಗಿಲ ಹಿಂದೆ, ಅಕ್ಕಿ ಮೂಟೆಯ ಹಿಂದೆ ಇಲಿ ಸತ್ತಿದೆಯೇ ಎಂದು ಪೊರಕೆ ಹಿಡಿದು ಹುಡುಕಿದಳು.

ಮಧ್ಯಾಹ್ನದ ಹೊತ್ತಿಗೆ ಶಾಲೆ ಮುಚ್ಚಿತು. ಸಂಜೆಗೆ ಮಿಲ್ಲುಗಳ ಸೀಟಿ ನಿಂತಿತು. ಶುಕ್ರವಾರ ಬೆಳಗ್ಗೆ ರಸ್ತೆ ತುಂಬ ಜನ, ತಲೆಯ ಮೇಲೆ ಟ್ರಂಕು, ಬಾಯಿಗೆ ಕರವಸ್ತ್ರ. ಎಲ್ಲರೂ ಸ್ಟೇಷನ್ನಿನ ಕಡೆಗೆ. ಹತ್ತಿರದ ಡಾಕ್ಟರು ಕ್ಲಿನಿಕ್ಕಿಗೆ ಬೀಗ ಹಾಕಿ ಹೋಗಿದ್ದರು. ಎಸ್‌ಟಿಡಿ ಬೂತು ಮುಚ್ಚಿತ್ತು. ಊರಿಗೆ ಒಂದು ಮಾತು ಹೇಳುವಂತಿಲ್ಲ.

ಲಿಂಗರಾಜ ಕಾವಲಿ ಬಿಸಿ ಇರುವಾಗಲೇ ಚೀಲ ಹೆಗಲಿಗೆ ಹಾಕಿಕೊಂಡು ಬಂದು ಅಜ್ಜಿಯ ಎದುರು ನಿಂತ. ನೀವೂ ಹೊರಡಿ ಎಂದ. ಅಜ್ಜಿ, ಇವರಿಗೆ ಹತ್ತು ಹೆಜ್ಜೆ ನಡೆದರೆ ಉಸಿರು ಸಿಕ್ಕುವುದಿಲ್ಲ, ಆ ನೂಕುನುಗ್ಗಲಲ್ಲಿ ಎಲ್ಲಿಗೆ ಹೋಗುವುದು ಎಂದಳು. ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಇಲ್ಲಿ ಉಳದ್ರ ನಾಳೆ ಹೆಣ ಎತ್ತಾಕ ನಾಕ್ ಮಂದಿ ಸಿಗಂಗಿಲ್ಲ."

ಇಷ್ಟು ಹೇಳಿ ಅಜ್ಜಿಯ ಕಾಲು ಮುಟ್ಟಲು ಬಗ್ಗಿದ, ಅರ್ಧಕ್ಕೆ ನಿಂತ, ಮುಟ್ಟದೆ ಹೋದ. ಒಳಗೆ ಅಜ್ಜ ಕೆಮ್ಮುತ್ತಿದ್ದದ್ದು ಅವನಿಗೂ ಕೇಳಿತ್ತು. ತಾರಾ ಗ್ಯಾಸು ಆರಿಸಿದಳು.

ಅವತ್ತೇ ಮಧ್ಯಾಹ್ನ ಅಜ್ಜನ ಮೈ ಬಿಸಿಯಾಯಿತು.

ಹೆಚ್ಚೇನಲ್ಲ, ಕೈ ಇಟ್ಟರೆ ಬೆಚ್ಚಗೆ. ಆದರೆ ಜ್ವರ ಜ್ವರವೇ. ಅಜ್ಜಿ ಗಂಜಿ ಮಾಡಿದಳು. ಅಜ್ಜ ಎರಡು ಚಮಚ ತಿಂದು ಬಟ್ಟಲು ದೂಡಿದರು. ತಾರಾ ಬಟ್ಟಲು ತೊಳೆಯಲು ತೆಗೆದುಕೊಂಡು ಹೋಗಿ, ನಲ್ಲಿಯ ಕೆಳಗೆ ಹಿಡಿದು, ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆದಳು. ನಾಲ್ಕನೇ ಸಲ ತೊಳೆಯುವಾಗ ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಹಿಂದಿನ ಓಣಿಯಲ್ಲಿ ಒಡಿಶಾದ ಒಬ್ಬ ಮಗ್ಗದ ಕೆಲಸಗಾರ ಇದ್ದ. ಅವನಿಗೂ ಜ್ವರ, ಕೆಮ್ಮು. ಶುಕ್ರವಾರ ಸಂಜೆ ಬಿಳಿ ಗಾಡಿ ಬಂತು. ಬಾಯಿ ಮೂಗು ಕಟ್ಟಿಕೊಂಡ ಇಬ್ಬರು ಇಳಿದು ಅವನನ್ನು ಹತ್ತಿಸಿಕೊಂಡರು. ಹೆಂಡತಿ ಗಾಡಿಯ ಹಿಂದೆ ಕಾಲುವೆಯವರೆಗೆ ಓಡಿದಳು. ಅವಳನ್ನು ಹತ್ತಿಸಿಕೊಳ್ಳಲಿಲ್ಲ. ವಾರ್ಡಿನ ಬಾಗಿಲಲ್ಲಿ ಪೊಲೀಸರು ಇದ್ದಾರಂತೆ, ಒಳಗೆ ಹೋದವರ ಮುಖ ಕಾಣಲು ಬಿಡುವುದಿಲ್ಲವಂತೆ, ಸತ್ತರೆ ಹೆಣವನ್ನೂ ಕೊಡುವುದಿಲ್ಲವಂತೆ ಎಂದು ಓಣಿಯಲ್ಲಿ ಉಳಿದವರು ಮಾತಾಡಿಕೊಂಡರು. ಯಾರೂ ಹೋಗಿ ನೋಡಿ ಬಂದವರಲ್ಲ. ತಾರಾ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಳು. ಅಜ್ಜನನ್ನು ಆ ಗಾಡಿಯಲ್ಲಿ ಒಬ್ಬರೇ ಕೂರಿಸಿ ಕಳಿಸುವುದು ಅವಳ ಕಣ್ಣ ಮುಂದೆ ಬಂತು. ಅಜ್ಜನಿಗೆ ಗುಜರಾತಿ ಸರಿಯಾಗಿ ಬರುವುದಿಲ್ಲ. ಇಪ್ಪತ್ತೆರಡು ವರ್ಷ ಅವರು ವ್ಯಾಪಾರ ಮಾಡಿದ್ದು ಹತ್ತಿಪ್ಪತ್ತು ಹಿಂದಿ ಮಾತಿನಲ್ಲಿ. ನೀರು ಬೇಕಾದರೆ ಯಾರನ್ನು ಕೇಳುತ್ತಾರೆ.

ಶನಿವಾರ ಹತ್ತು ಗಂಟೆಗೆ ಮುನ್ಸಿಪಾಲಿಟಿಯ ಹೆಂಗಸು ಬಂದಳು. ಹಂಸಾಬೆನ್ ಎಂದು ಹೆಸರು. ನಲವತ್ತರ ಮೇಲಿನವಳು, ಕೈಯಲ್ಲಿ ಉದ್ದದ ಪುಸ್ತಕ, ಬಾಯಿಗೆ ಸೆರಗು. ಮನೆಮನೆಗೆ ಹೋಗಿ ಬರೆದುಕೊಳ್ಳುತ್ತಿದ್ದಳು. ಅಜ್ಜಿಗೆ ಅವಳ ಮಾತು ತಿಳಿಯಲಿಲ್ಲ. ತಾರಾಳೇ ಬಾಗಿಲಿಗೆ ಹೋದಳು.

ಎಷ್ಟು ಜನ ಎಂದು ಹಂಸಾಬೆನ್ ಕೇಳಿದಳು. ಮೂವರು. ಯಾರಿಗಾದರೂ ಜ್ವರ? ಇಲ್ಲ. ಕೆಮ್ಮು? ಇಲ್ಲ.

ಆಗಲೇ ಒಳಗಿನಿಂದ ಕೆಮ್ಮು ಬಂತು. ಸಣ್ಣದಲ್ಲ. ಪಾತ್ರೆ ಉರುಳಿದ ಹಾಗೆ.

ಮಸಾಲೆ ಹುರಿಯುತ್ತಿದ್ದೇವೆ, ನಮ್ಮದು ಹೋಟೆಲು, ಮೆಣಸಿನ ಘಾಟಿಗೆ ದಿನಾ ಹೀಗೇ ಎಂದು ತಾರಾ ಒಂದೇ ಉಸಿರಿಗೆ ಹೇಳಿದಳು. ಹಂಸಾಬೆನ್ ಸೆರಗು ಸ್ವಲ್ಪ ಇಳಿಸಿ ಗಾಳಿ ಮೂಸಿದಳು. ಘಾಟಿನ ಸುಳಿವೇ ಇರಲಿಲ್ಲ. ಅವಳು ತಾರಾಳ ಮುಖ ನೋಡಿದಳು. ಅವಳ ಪುಸ್ತಕದಲ್ಲಿ ಇನ್ನೂ ಬಹಳ ಮನೆ ಬಾಕಿ ಇತ್ತು. ನಾಳೆ ಬೆಳಗ್ಗೆ ಡಾಕ್ಟರ್ ಸಾಹೇಬರನ್ನು ಕರೆದುಕೊಂಡು ಬರುತ್ತೇನೆ, ಎಲ್ಲರೂ ಮನೆಯಲ್ಲೇ ಇರಿ ಎಂದು ಹೇಳಿ ಹೋದಳು.

ತಾರಾ ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ಕೂತಳು. ನಾಳೆ ಅವರು ಬರುತ್ತಾರೆ. ಕೆಮ್ಮು ಕೇಳುತ್ತದೆ. ಗಾಡಿ ಬರುತ್ತದೆ. ಇಷ್ಟೇ ಸುತ್ತಿ ಸುತ್ತಿ ಬರುತ್ತಿತ್ತು. ಮತ್ತೊಂದು ಮಾತೂ ಬರುತ್ತಿತ್ತು. ಅಜ್ಜನಿಗೆ ನಿಜವಾಗಿ ಪ್ಲೇಗ್ ಇದ್ದರೆ ತನಗೂ ಬಂದಿರುತ್ತದೆ. ಅವರು ಕುಡಿದ ಲೋಟದಲ್ಲಿ ತಾನು ಕುಡಿದಿದ್ದೇನೆ. ಗಾಡಿ ಬಂದು ಅಜ್ಜನನ್ನು ಒಯ್ದರೆ ತಾನು ಬದುಕಬಹುದು. ಈ ಯೋಚನೆ ಬಂದ ಕೂಡಲೇ ಅವಳು ಎದ್ದು ಅಜ್ಜಿಯ ಹತ್ತಿರ ಹೋದಳು. ಆ ನಾಚಿಕೆಯಲ್ಲೇ ಅವಳಿಗೆ ಉಪಾಯ ಹೊಳೆದದ್ದು.

"ಅಜ್ಜಿ, ನಾಳೆ ಸಚ್ಚಿ, ನಿಜಕ್ಕೂ ಮೆಣಸು ಹುರಿಯೋಣ. ಘರ್ ತುಂಬಾ ಹೊಗೆ ಆಗ್ಲಿ. ಎಲ್ಲರೂ ಕೆಮ್ಮಿದ್ರೆ ಅಜ್ಜನ ಕೆಮ್ಮು ಯಾರಿಗೆ ಗೊತ್ತಾಗ್ತದೆ?"

 ಇವರಿಗೆ ಹೊಗೆ ಆಗುತ್ತದಾ ಎಂದು ಅಜ್ಜಿ ಕೇಳಿದಳು. ಒಳಕೋಣೆಯ ಬಾಗಿಲು ಹಾಕಿ, ಸಂದಿಗೆ ಒದ್ದೆ ಬಟ್ಟೆ ತುರುಕೋಣ, ಹೊಗೆ ಹೋಗುವುದಿಲ್ಲ ಎಂದು ತಾರಾ ಹೇಳಿದಳು. ಅಜ್ಜಿ ಎದ್ದು ಅಜ್ಜನ ಹತ್ತಿರ ಹೋಗಿ ಕೂತಳು. ಆಸ್ಪತ್ರೆಗೆ ಹೋಗುತ್ತೀರಾ ಎಂದು ನೆಟ್ಟಗೆ ಕೇಳಿದಳು.

"ನಾನು ಹೋಗುದಿಲ್ಲ" ಎಂದರು ಅಜ್ಜ. "ಅಲ್ಲಿ ಹೋದ್ರೆ ನಿಮ್ಮ ಮುಖ ಕಾಣ್ಲಿಕ್ಕೆ ಸಿಕ್ತದಾ ಇಲ್ವಾ ಗೊತ್ತಿಲ್ಲ. ಶೇಖರ ಬರುವವರೆಗೆ ಇಲ್ಲೇ ಇರ್ತೇನೆ. ಹುರಿಯಿರಿ ಬೇಕಾದ್ರೆ. ಕಪ್ಪು ಮಾಡ್ಬೇಡಿ ಮಾತ್ರ, ಪುಡಿ ಕಹಿ ಆಗ್ತದೆ."

ಆ ರಾತ್ರಿ ಮೂವರೂ ಸರಿಯಾಗಿ ನಿದ್ದೆ ಮಾಡಲಿಲ್ಲ.

ಭಾನುವಾರ ಎಂಟು ಗಂಟೆಗೆ ಅಜ್ಜಿ ದೊಡ್ಡ ಬಾಣಲೆಯನ್ನು ಮನೆಯ ಒಳಗೆ ತಂದು ಸ್ಟೌವಿನ ಮೇಲೆ ಇಟ್ಟಳು. ಮನೆಯ ಒಳಗೆ ಮೆಣಸು ಹುರಿದದ್ದು ಅದೇ ಮೊದಲು. ಬ್ಯಾಡಗಿ ತೆಗೆಯಲಿಲ್ಲ. ಬರೀ ಖಾರದ ಮೆಣಸು, ಎರಡು ಕಿಲೋ. ಕಿಟಕಿಗಳನ್ನೆಲ್ಲ ಹಾಕಿದರು. ಅಜ್ಜನ ಕೋಣೆಗೆ ಓಣಿಯ ಕಡೆ ಒಂದು ಕಿಟಕಿ ಇತ್ತು. ಕೆಮ್ಮು ಓಣಿಗೆ ಕೇಳಬಾರದೆಂದು ತಾರಾ ಅದನ್ನೂ ಹಾಕಿ ಅಗುಳಿ ಸಿಕ್ಕಿಸಿದಳು. ಬಾಗಿಲ ಕೆಳಗೆ ಒದ್ದೆ ಬಟ್ಟೆ ತುರುಕಿದಳು. ಬಾಗಿಲಿನ ಮೇಲೆ, ಗೋಡೆ ಮತ್ತು ಸೂರಿನ ನಡುವೆ, ಒಂದು ಗೇಣು ತೆರೆದೇ ಇತ್ತು. ಅದನ್ನು ಇಬ್ಬರೂ ನೋಡಲಿಲ್ಲ. ದಿನಾ ನೋಡುವ ಗೋಡೆ, ಯಾರು ತಲೆ ಎತ್ತುತ್ತಾರೆ.

ಹತ್ತಕ್ಕೆ ಸ್ವಲ್ಪ ಮೊದಲು ಪಕ್ಕದ ಬಾಗಿಲು ಬಡಿದ ಸದ್ದು ಕೇಳಿತು. ಅಜ್ಜಿ ಬೆಂಕಿ ದೊಡ್ಡದು ಮಾಡಿದಳು. ಮೆಣಸು ಮೊದಲು ಕೆಂಪಾಯಿತು, ಆಮೇಲೆ ಕಪ್ಪಾಯಿತು. ಹೊಗೆ ಎದ್ದು ಸೂರಿಗೆ ತಾಗಿ ಕೆಳಗೆ ಇಳಿಯತೊಡಗಿತು. ಅಜ್ಜಿ ಕೆಮ್ಮಿದಳು, ತಾರಾ ಕೆಮ್ಮಿದಳು. ಕಣ್ಣು ಬಿಡಲಾಗುತ್ತಿರಲಿಲ್ಲ. ತಾರಾ ಬಾಗಿಲು ತೆಗೆದಾಗ ಹೊಗೆ ಅವಳಿಗಿಂತ ಮೊದಲು ಹೊರಗೆ ಹೋಯಿತು.

ಹಂಸಾಬೆನ್ ಇದ್ದಳು, ಜೊತೆಗೆ ಒಬ್ಬ ಎಳೆಯ ಡಾಕ್ಟರು. ವಡೋದರಾದಿಂದ ಡ್ಯೂಟಿಗೆ ಹಾಕಿ ಕಳಿಸಿದ್ದವರು. ಇಬ್ಬರೂ ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟರು. ಡಾಕ್ಟರು ಕೆಮ್ಮುತ್ತಾ ಹಾಗೇ ಹಿಂದೆ ಸರಿದು ಬೀದಿಗೆ ಇಳಿದರು. ಹಂಸಾಬೆನ್ ಸೆರಗಿನಲ್ಲಿ ಮುಖ ಒತ್ತಿಕೊಂಡು, ಇಂಥ ಅಡುಗೆಯನ್ನು ಮನುಷ್ಯರು ತಿನ್ನುತ್ತಾರಾ ಎಂದು ಕೇಳಿದಳು. ಒಳಗಿನಿಂದ ಅಜ್ಜನ ಕೆಮ್ಮು ಬಂತು. ಅಜ್ಜಿ ಕೂಡಲೇ ಅದರ ಮೇಲೆ ಕೆಮ್ಮಿದಳು. ತಾರಾಳೂ ಕೆಮ್ಮಿದಳು. ಡಾಕ್ಟರದ್ದೂ ಸೇರಿ ನಾಲ್ಕು ಕೆಮ್ಮಿನಲ್ಲಿ ಯಾವುದು ಯಾರದ್ದೆಂದು ಹೇಳುವವರು ಯಾರು.

ಮನೆಯ ಯಜಮಾನರು ಎಲ್ಲಿ ಎಂದು ಹಂಸಾಬೆನ್ ಕೇಳಿದಳು. ಸ್ನಾನಕ್ಕೆ ಹೋಗಿದ್ದಾರೆ ಎಂದಳು ತಾರಾ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಮೆಣಸಿನದ್ದೋ ಅಳುವೋ ಅವಳಿಗೇ ಗೊತ್ತಿರಲಿಲ್ಲ. ಡಾಕ್ಟರು ಬೀದಿಯಿಂದಲೇ, ಮುಂದಿನ ಮನೆಗೆ ಹೋಗೋಣ ಎಂದು ಕೂಗಿದರು. ಹಂಸಾಬೆನ್ ಮೂರು ಜನರಿಗೆಂದು ಪ್ಲೇಗ್ ಬರದಂತೆ ನುಂಗುವ ಕ್ಯಾಪ್ಸೂಲ್ ಕೊಟ್ಟು, ಪುಸ್ತಕದಲ್ಲಿ ಒಂದು ಗೀಟು ಎಳೆದು ಇಳಿದಳು.

ಅಜ್ಜಿ ಸ್ಟೌವು ಆರಿಸಿ ಒಳಕೋಣೆಯ ಬಾಗಿಲಿಗೆ ಓಡಿದಳು. ತಾರಾ ಅವಳ ಕೈ ಹಿಡಿದಳು. ಅವರು ಇನ್ನೂ ಮೂರನೇ ಮನೆಯ ಹತ್ತಿರವೇ ಇದ್ದರು. ಬಾಗಿಲು ತೆಗೆದರೆ ಕೆಮ್ಮು ಬೀದಿಗೆ ಕೇಳುತ್ತದೆ.

"ಇನ್ನೊಂದು ನಿಮಿಷ, ಅಜ್ಜಿ."

ಅಜ್ಜಿ ನಿಂತಳು. ತಾರಾ ಬಾಗಿಲ ಸಂದಿಯಿಂದ ನೋಡುತ್ತಾ ನಿಂತಳು. ಡಾಕ್ಟರು ಕಣ್ಣು ಒರೆಸಿಕೊಂಡರು. ಹಂಸಾಬೆನ್ ಮೂರನೇ ಮನೆಯವರ ಹತ್ತಿರ ಏನೋ ಮಾತಾಡಿದಳು. ಬರೆದಳು. ನಾಲ್ಕನೇ ಮನೆಗೆ ಬೀಗ ಇತ್ತು. ಅವರು ಮೂಲೆ ತಿರುಗಿದರು. ಆ ಹೊತ್ತಿಗೆ ಒಳಗಿನ ಕೆಮ್ಮು ನಿಂತಿತ್ತು. ನಿಂತದ್ದು ಒಳ್ಳೆಯದಾಯಿತು ಎಂದುಕೊಂಡಳು ತಾರಾ.

ಬಾಗಿಲು ತೆಗೆದರೆ ಕೋಣೆ ತುಂಬ ಹೊಗೆ. ಅಜ್ಜ ಮೂಟೆಗೆ ಒರಗಿರಲಿಲ್ಲ. ಮುಂದಕ್ಕೆ ಬಾಗಿ, ಎರಡೂ ಕೈಯಲ್ಲಿ ಮಂಚದ ಅಂಚು ಹಿಡಿದು, ಬಾಯಿ ತೆರೆದು ಕೂತಿದ್ದರು. ತುಟಿ ನೇರಳೆ ಹಣ್ಣಿನ ಹಾಗೆ ಆಗಿತ್ತು. ಉಸಿರು ಒಳಗೆ ಹೋಗುತ್ತಿರಲಿಲ್ಲ, ಗಂಟಲಲ್ಲೇ ಗೊರಗೊರ ಎನ್ನುತ್ತಿತ್ತು. ಇಬ್ಬರೂ ಸೇರಿ ಅವರನ್ನು ಎಳೆದು ಹೋಟೆಲಿನ ಮುಂಭಾಗಕ್ಕೆ ತಂದು ಬೆಂಚಿನ ಮೇಲೆ ಕೂರಿಸಿದರು. ಎಲ್ಲ ಬಾಗಿಲು ತೆಗೆದರು. ಈಗ ಯಾರು ಕೇಳಿದರೂ ಅವರಿಗೆ ಚಿಂತೆ ಇರಲಿಲ್ಲ. ಕೇಳುವವರು ಯಾರೂ ಇರಲಿಲ್ಲ. ತಾರಾ ಪೇಪರಿನಿಂದ ಗಾಳಿ ಹಾಕಿದಳು. ಹತ್ತೂವರೆಯಿಂದ ಒಂದು ಗಂಟೆಯವರೆಗೆ ಹಾಕಿದಳು. ಅಜ್ಜ ಒಂದು ಸಲ ನೀರು ಕೇಳಿದರು, ಕುಡಿಯಲಿಲ್ಲ. ಒಂದು ಸಲ ಶೇಖರ ಎಂದರು. ಆಮೇಲೆ ಅಜ್ಜಿಯ ಕಡೆ ತಿರುಗಿ, ಸುಟ್ಟುಹಾಕಿದ್ದೀರಿ ಎಂದರು. ಮೆಣಸಿನ ಮಾತು ಅದು. ಮತ್ತೆ ಮಾತಾಡಲಿಲ್ಲ. ಒಂದೂವರೆಗೆ ಹೋದರು.

ಅಜ್ಜಿ ಅಳಲಿಲ್ಲ. ಸೆರಗಿನಿಂದ ಅವರ ಬಾಯಿ ಒರೆಸಿ, ಕಣ್ಣು ಮುಚ್ಚಿ, ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಶೇಖರ ಬರಲಿ ಎಂದಳು. ಊರು ಎಷ್ಟು ದೂರ ಎನ್ನುವುದು ಅವಳಿಗೆ ಗೊತ್ತಿಲ್ಲದ್ದಲ್ಲ.

ತಾರಾಳಿಗೆ ಬೇರೆಯೇ ಹೆದರಿಕೆ ಹಿಡಿಯಿತು. ಅವಳು ಅದುವರೆಗೆ ಸತ್ತವರನ್ನು ಹತ್ತಿರದಿಂದ ನೋಡಿದವಳಲ್ಲ. ಬಿಸಿಲು ಇತ್ತು. ನೊಣ ಬರುತ್ತಿತ್ತು. ನೊಣ ಓಡಿಸಲೆಂದು ಅವಳು ಮತ್ತೆ ಪೇಪರು ಬೀಸಿದಳು. ನಾಲ್ಕು ಜನ ಎಲ್ಲಿಂದ ತರುವುದು. ಇಬ್ಬರೇ ಎತ್ತಿದರೆ ಬಾಗಿಲವರೆಗೂ ಹೋಗಲಾಗದು. ಹೇಳದೆ ಇಟ್ಟುಕೊಂಡರೆ ನಾಳೆ ಏನಾಗುತ್ತದೆ ಎಂದು ಯೋಚಿಸಿದಳು, ಮುಂದೆ ಯೋಚಿಸಲಾಗಲಿಲ್ಲ. ಹೇಳಿದರೆ ಗಾಡಿ ಬರುತ್ತದೆ. ಯಾವ ಗಾಡಿಗೆ ಹೆದರಿ ಇದನ್ನೆಲ್ಲ ಮಾಡಿದರೋ ಅದನ್ನು ಅವಳೇ ಹೋಗಿ ಕರೆಯಬೇಕು.

ಹಂಸಾಬೆನ್‌ನ ಹುಡುಕಿ ಬರುತ್ತೇನೆ ಎಂದಳು.

ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಅಂಗಡಿಗಳ ಮುಂದೆ ಮುನ್ಸಿಪಾಲಿಟಿಯವರು ಹಾಕಿದ ಬಿಳಿ ಔಷಧಿ ಪುಡಿ ಚೆಲ್ಲಿತ್ತು. ಮಿಲ್ಲು ನಿಂತು ಮೂರು ದಿನವಾಗಿ ಕಾಲುವೆಯ ನೀರಿಗೆ ಯಾವ ಬಣ್ಣವೂ ಇರಲಿಲ್ಲ. ತಾರಾ ಅಷ್ಟು ವರ್ಷದಲ್ಲಿ ಆ ನೀರು ಹಾಗೆ ಇದ್ದದ್ದನ್ನು ನೋಡಿರಲಿಲ್ಲ. ಅವಳು ಓಡಿದಳು, ನಡೆದಳು, ಮತ್ತೆ ಓಡಿದಳು. ಓಡಿದಾಗ ಕೆಮ್ಮು ಬಂತು. ಮೆಣಸಿನದ್ದೇ ಎಂದು ತನಗೆ ತಾನೇ ಹೇಳಿಕೊಂಡಳು. ಆ ಮಾತು ತನ್ನ ಬಾಯಲ್ಲೇ ಕೇಳಿ ಇನ್ನೂ ಜೋರಾಗಿ ಓಡಿದಳು.

ಒಂದು ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ ಅವರು ಕೂತಿದ್ದರು. ಹಂಸಾಬೆನ್ ತಟ್ಟೆಯಲ್ಲಿ ರೊಟ್ಟಿ ಇಟ್ಟುಕೊಂಡಿದ್ದಳು. ತಾರಾ ಅವಳ ಎದುರು ನಿಂತು ಎಲ್ಲ ಹೇಳಿದಳು. ಒಂದನ್ನೂ ಬಿಡಲಿಲ್ಲ. ಜ್ವರ ಇತ್ತು, ಸ್ನಾನಕ್ಕೆ ಹೋಗಿರಲಿಲ್ಲ, ಮೆಣಸು ಹುರಿದದ್ದು ನಿಮಗಾಗಿ, ಅಜ್ಜ ಸತ್ತರು. ಹಂಸಾಬೆನ್ ತಟ್ಟೆ ಕೆಳಗೆ ಇಟ್ಟಳು. ಬೈಯಲಿಲ್ಲ.

"ಅಜ್ಜಿಗೆ ಕೆಮ್ಮು ಉಂಟಾ, ದೀಕ್ರಿ? ನಿನಗೆ?" ಎಂದು ಗುಜರಾತಿಯಲ್ಲಿ ಕೇಳಿದಳು, ಅಷ್ಟೇ. ದೀಕ್ರಿ ಎಂದರೆ ಮಗಳೇ ಎಂದು.

ಗಾಡಿ ಬಂತು. ಎಳೆಯ ಡಾಕ್ಟರು ಈ ಸಲ ಒಳಗೆ ಬಂದರು. ಅಜ್ಜಿ ಕೂತಲ್ಲಿಂದ ಏಳಲಿಲ್ಲ. ಡಾಕ್ಟರು ಅವಳ ಎದುರೇ ಕುಕ್ಕರುಗಾಲಲ್ಲಿ ಕೂತು ಅಜ್ಜನನ್ನು ನೋಡಿದರು. ಎದೆ ನೋಡಿದರು, ಕತ್ತು ನೋಡಿದರು. ಆಮೇಲೆ ಪಂಚೆ ಸರಿಸಿ, ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ತೆಗೆದರು. ಅಲ್ಲಿ ಗುಳಿ ಬಿತ್ತು. ಗುಳಿ ಹಾಗೇ ಉಳಿಯಿತು.

ಎಷ್ಟು ದಿನದಿಂದ ಕೆಮ್ಮು ಎಂದು ಕೇಳಿದರು. ತಿಂಗಳ ಮೇಲಾಯಿತು ಎಂದಳು ತಾರಾ. ಅಂಗಾತ ಮಲಗುತ್ತಿದ್ದರಾ? ಇಲ್ಲ, ಮೂಟೆಗೆ ಒರಗಿ ಕೂತು ಮಲಗುತ್ತಿದ್ದರು. ಹೇಳುವಾಗ ಅವಳಿಗೆ ಸೇಠ್ ಎಂದು ತಾನು ನಕ್ಕದ್ದು ನೆನಪಾಯಿತು. ಕಾಲು ಊದಿಕೊಂಡಿತ್ತು, ಯಾರೂ ನೋಡಲಿಲ್ಲವಾ? ಯಾರೂ ನೋಡಿರಲಿಲ್ಲ. ದಿನವಿಡೀ ನಿಂತು ಕೆಲಸ ಮಾಡುವವರ ಕಾಲು, ಅದು ಹೇಗಿದೆ ಎಂದು ಯಾರು ನೋಡುತ್ತಾರೆ.

ಇದು ಪ್ಲೇಗ್ ಅಲ್ಲ ಅನಿಸುತ್ತದೆ ಎಂದರು ಡಾಕ್ಟರು. ಹೃದಯ ಸೋತು ಎದೆಯಲ್ಲಿ ನೀರು ನಿಂತಿದೆ. ಆದರೂ ಪರೀಕ್ಷೆಗೆ ಕಳಿಸಲೇಬೇಕು, ಹೆಣವನ್ನು ಮನೆಯಲ್ಲಿ ಬಿಡುವಂತಿಲ್ಲ.

"ನಿನ್ನೆ ಹೇಳಿದ್ದರೆ?" ತಾರಾ ಕೇಳಿದಳು.

ಡಾಕ್ಟರು ಹಂಸಾಬೆನ್ ಕಡೆ ನೋಡಿದರು. ಅವಳು ಬೇರೆ ಕಡೆ ನೋಡಿದಳು.

"ಒಂದು ತಿಂಗಳ ಹಿಂದೆ ತೋರಿಸಿದ್ದರೆ ಒಳ್ಳೆಯದಿತ್ತು" ಎಂದರು ಡಾಕ್ಟರು. "ನಿನ್ನೆಯಾದರೂ ಏನಾದರೂ ಮಾಡಬಹುದಿತ್ತು. ನಾನು ಸುಳ್ಳು ಹೇಳುವುದಿಲ್ಲ."

ಮುಖ ಕಟ್ಟಿಕೊಂಡ ನಾಲ್ವರು ಅಜ್ಜನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎತ್ತಿದರು. ಅಜ್ಜಿ ಬೆಂಚಿನಿಂದ ಎದ್ದು, ಒಳಗೆ ಹೋಗಿ, ಅಕ್ಕಿ ಮತ್ತು ತುಳಸಿ ತಂದು, ಅವರು ನಿಲ್ಲಿ ಎಂದರೂ ಕೇಳದೆ ಬಟ್ಟೆಯ ಮೇಲೆ ಹಾಕಿದಳು. ಗಾಡಿ ಹೋಯಿತು. ಚಿತೆಗೆ ಬೆಂಕಿ ಇಟ್ಟದ್ದು ಯಾರು ಎಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಪರೀಕ್ಷೆಯ ಮಾತು ಬರುವವರೆಗೆ ಇಬ್ಬರೂ ಮನೆಯಿಂದ ಹೊರಗೆ ಬರಬಾರದು ಎಂದು ಹೇಳಿ ಹೋಗಿದ್ದರು. ದಿನಾ ಹಂಸಾಬೆನ್ ಬಾಗಿಲಲ್ಲಿ ಹಾಲು, ಕ್ಯಾಪ್ಸೂಲ್ ಇಟ್ಟು ಹೋಗುತ್ತಿದ್ದಳು. ನಾಲ್ಕು ದಿನ ಕಳೆಯಿತು. ಗೋಡೆಗೆ, ಬಟ್ಟೆಗೆ, ಕೂದಲಿಗೆ ಹಿಡಿದ ಮೆಣಸಿನ ಘಾಟು ಹೋಗಿರಲಿಲ್ಲ. ಒಬ್ಬರು ಕೆಮ್ಮಿದರೆ ಇನ್ನೊಬ್ಬರು ಕೆಲಸ ನಿಲ್ಲಿಸಿ ಕಿವಿ ಕೊಡುತ್ತಿದ್ದರು. ಅಜ್ಜಿ ಮಾತು ಕಡಿಮೆ ಮಾಡಿದ್ದಳು. ಅಜ್ಜಿ ಯಾವಾಗ ಹೇಳುತ್ತಾಳೋ ಎಂದು ತಾರಾ ಕಾಯುತ್ತಿದ್ದಳು. ನಿನ್ನಿಂದ ಹೀಗಾಯಿತು ಎನ್ನುವ ಒಂದು ಮಾತು. ಪ್ಲೇಗಿಗಿಂತ ಅವಳಿಗೆ ಅದರ ಹೆದರಿಕೆ ದೊಡ್ಡದಾಗಿತ್ತು. ಅಜ್ಜಿ ಬಾಯಿ ತೆರೆದರೆ ಸಾಕು, ತಾರಾ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದಳು.

ಐದನೇ ದಿನ ಹಂಸಾಬೆನ್ ಬಂದು, ಬಾಯಿಗೆ ಸೆರಗು ಇಲ್ಲದೆ, ಪ್ಲೇಗ್ ಇರಲಿಲ್ಲ ಎಂದಳು. ತಾರಾ ಬಾಗಿಲಲ್ಲೇ ಉದ್ದಕ್ಕೆ ಉಸಿರು ಎಳೆದುಕೊಂಡಳು. ತಾನು ಸಾಯುವುದಿಲ್ಲ. ಮೊದಲು ಬಂದದ್ದು ಅದೇ. ಆಮೇಲೆ ಉಳಿದದ್ದು ಬಂತು. ಪ್ಲೇಗ್ ಇರಲಿಲ್ಲ ಎಂದರೆ ಹೆದರುವಂಥದ್ದು ಏನೂ ಇರಲಿಲ್ಲ. ಗಾಡಿ ಹತ್ತಿದ್ದರೆ ಅಜ್ಜ ಇಳಿದು ಬರುತ್ತಿದ್ದರು.

ಅವಳು ಅ‌ಜ್ಜಿಯ ಎದುರು ಹೋಗಿ ನಿಂತಳು. ಕಾಯಲು ಇನ್ನು ಆಗುತ್ತಿರಲಿಲ್ಲ. ಅಜ್ಜಿ ಸುಟ್ಟ ಬಾಣಲೆಯನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು.

"ಅಜ್ಜನನ್ನು ನಾನು ಕೊಂದೆ" ಎಂದಳು ತಾರಾ.

ಅಜ್ಜಿ ತಿಕ್ಕುವುದನ್ನು ನಿಲ್ಲಿಸಿದಳು.

"ಸುಳ್ಳು ಹೇಳಿದ್ದು ನೀನು" ಎಂದಳು. "ಹೌದು. ಬೆಂಕಿ ಹಾಕಿದ್ದು ನಾನು. ಆಸ್ಪತ್ರೆ ಬೇಡ ಅಂದದ್ದು ಅವರು. ನೀನು ಕೈ ಹಿಡಿದದ್ದೂ ಹೌದು, ನಾನು ಕೊಡವಿ ಬಾಗಿಲು ತೆಗಿಬಹುದಿತ್ತು, ತೆಗೀಲಿಲ್ಲ. ಮೂವತ್ತೆಂಟು ವರ್ಷ ಜೊತೆಗೆ ಇದ್ದವಳು ನಾನು, ಅವರ ಕಾಲು ಊದಿದ್ದು ನನಗೇ ಕಾಣ್ಲಿಲ್ಲ. ಮೂರು ಜನ ಸೇರಿ ಮಾಡಿದ್ದು ಮಗಾ. ನೀನೊಬ್ಬಳೇ ತಕೊಂಡು ಹೋಗ್ಲಿಕ್ಕೆ ನಾನು ಬಿಡುದಿಲ್ಲ."

ಅಷ್ಟು ಹೇಳಿ ಮತ್ತೆ ತಿಕ್ಕತೊಡಗಿದಳು. ತಾರಾ ಎದುರು ಕೂತು ಇನ್ನೊಂದು ಬದಿಯಿಂದ ತಿಕ್ಕಿದಳು. ಆಮೇಲೆ ಅಜ್ಜಿ ಅತ್ತಳು. ಬಾಣಲೆಯ ಕಪ್ಪು ಹೋಗಲಿಲ್ಲ. ಅದನ್ನು ಗುಜರಿಗೆ ಹಾಕಿದರು.

ಹದಿನೈದು ದಿನದ ಮೇಲೆ ಚಂದ್ರಶೇಖರ ಬಂದ, ಹಿಂದಿನಿಂದ ಸುಮತಿಯೂ ಬಂದಳು. ಅಪ್ಪನಿಗೆ ಏನಾಯಿತು ಎಂದು ಅವನು ಕೇಳಿದಾಗ ತಾರಾ ಬಾಯಿ ತೆರೆಯುವ ಮೊದಲೇ ಅಜ್ಜಿ ಎಲ್ಲ ಹೇಳಿದಳು. ನಾವು ಎಂದೇ ಹೇಳಿದಳು. ನಾವು ಹುರಿದೆವು, ನಾವು ಹೇಳಲಿಲ್ಲ. ಅವನು ಗೋಡೆಗೆ ಮುಖ ಮಾಡಿ ನಿಂತ. ಮಗಳನ್ನು ಬೈಯಲಿಲ್ಲ. ಸಾಂಬಾರು ಪುಡಿಯನ್ನು ಹೊರಗಿನಿಂದ ತರಿಸುವುದೆಂದು ಮಾಡಿದ. ರುಚಿ ಹಿಂದಿನ ಹಾಗಿಲ್ಲ ಎಂದು ಗಿರಾಕಿಗಳು ಹೇಳುತ್ತಾರೆ.

ತಾರಾಳಿಗೆ ಈಗ ಇಪ್ಪತ್ತು. ಹೆದರಿಕೆ ಹೋಗಿಲ್ಲ, ಕಡಿಮೆ ಆಗಿದೆ. ದಿನಾ ಬೆಳಗ್ಗೆ, ಹಾಲಿನವನು ಬರುವ ಮೊದಲು, ಒಂದು ಬೋಗುಣಿ ಬಿಸಿನೀರು ತಂದು ಅಜ್ಜಿಯ ಮಂಚದ ಕೆಳಗೆ ಇಡುತ್ತಾಳೆ. ಅಜ್ಜಿ ಕೇಳದೆಯೇ ಸೀರೆಯನ್ನು ಒಂದು ಗೇಣು ಎತ್ತಿ ಕಾಲು ಇಳಿಬಿಡುತ್ತಾಳೆ. ತಾರಾ ಎರಡೂ ಕಾಲು ತೊಳೆದು, ಒರೆಸಿ, ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ಐದು ಎಣಿಸುತ್ತಾಳೆ. ತೆಗೆದು ನೋಡುತ್ತಾಳೆ. ಆಮೇಲೆ ಇನ್ನೊಂದು ಕಾಲು. ನೀರನ್ನು ಮೋರಿಗೆ ಚೆಲ್ಲಿ, ಹೋಟೆಲಿನ ಬಾಗಿಲು ತೆಗೆಯಲು ಹೋಗುತ್ತಾಳೆ.